ಖಾಲಿ ಎಂದು ಬರೆದ ನೆಲ: ಅರುಣಾಚಲದ ಚಕ್ಮಾ–ಹಾಜೊಂಗ್ ಪ್ರಕರಣ

1964ರ ಏಪ್ರಿಲ್ 10ರಂದು ಅಸ್ಸಾಂ ರಾಜ್ಯಪಾಲ ವಿಷ್ಣು ಸಹಾಯ್ ಅವರು ಮುಖ್ಯಮಂತ್ರಿ ಬಿಮಲಾ ಪ್ರಸಾದ್ ಚಾಲಿಹಾ ಅವರಿಗೆ ಒಂದು ಪತ್ರ ಬರೆದರು. ಪೂರ್ವ ಪಾಕಿಸ್ತಾನದಿಂದ ಬಂದ ಚಕ್ಮಾ ಜನರನ್ನು ಆಗ ಅಸ್ಸಾಮಿಗೆ ಸೇರಿದ್ದ ಮಿಜೊ ಜಿಲ್ಲೆಯಲ್ಲೇ (ಇಂದಿನ ಮಿಜೋರಾಂ) ಬಿಟ್ಟರೆ ಮಿಜೊಗಳಿಗೂ ಅವರಿಗೂ ತಂಟೆಯಾದೀತು, ನೇಫಾದ ತಿರಪ್ ವಿಭಾಗದಲ್ಲಿ ಖಾಲಿ ಜಾಗ ಸುಲಭವಾಗಿ ಸಿಗುತ್ತದೆ, ಅಲ್ಲಿಗೆ ಕಳಿಸುವುದು ಒಳ್ಳೆಯದು ಎಂಬುದು ಅದರ ತಿರುಳು. ಆ ಪತ್ರಕ್ಕೆ ಅರವತ್ತು ವರ್ಷ ದಾಟಿದೆ. ಅದರಲ್ಲಿದ್ದ ‘ಖಾಲಿ’ ಎಂಬ ಒಂದು ಮಾತಿನ ಬೆಲೆಯನ್ನು ಎರಡು ಕಡೆಯ ಜನ ಇವತ್ತಿಗೂ ತೆರುತ್ತಿದ್ದಾರೆ.

ನೇಫಾ ಎಂದರೆ ಈಶಾನ್ಯ ಗಡಿನಾಡು ಏಜೆನ್ಸಿ, ಇಂದಿನ ಅರುಣಾಚಲ ಪ್ರದೇಶ. ವಿಸ್ತೀರ್ಣ 83,743 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು 13,83,727 ಜನ, ಚದರ ಕಿಲೋಮೀಟರಿಗೆ 17 ಮಂದಿ. ದೇಶದ ರಾಜ್ಯಗಳಲ್ಲಿ ಇಷ್ಟು ವಿರಳ ಜನವಸತಿ ಬೇರೆಲ್ಲೂ ಇಲ್ಲ. ಅದೇ ಗಣತಿಯಲ್ಲಿ ಕರ್ನಾಟಕದ್ದು 319. ದಿಲ್ಲಿಯಲ್ಲೋ ಶಿಲ್ಲಾಂಗಿನಲ್ಲೋ ನಕ್ಷೆ ಹರಡಿ ಕೂತವರಿಗೆ ಆ ನೆಲ ಬರಿದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಲೆನಾಡಿನ ಕುಮರಿ ಬೇಸಾಯದ ಬಗ್ಗೆ ಕೇಳಿದವರಿಗೆ ವಿಷಯ ಬೇಗ ಹೊಳೆಯುತ್ತದೆ. ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆದು, ಆಮೇಲೆ ಹಲವು ವರ್ಷ ನೆಲವನ್ನು ಬೀಳು ಬಿಡುವ ಪದ್ಧತಿ ಅದು. ಈಶಾನ್ಯದಲ್ಲಿ ಅದನ್ನು ಝೂಮ್ ಎನ್ನುತ್ತಾರೆ. ಬೀಳು ಬಿಟ್ಟ ಗುಡ್ಡದಲ್ಲಿ ಈ ವರ್ಷ ಯಾರೂ ಕಾಣುವುದಿಲ್ಲ. ಆದರೆ ಅದು ಯಾವ ಊರಿನದು, ಯಾವ ಕುಲದ್ದು, ಅದರ ಎಲ್ಲೆ ಯಾವ ಹಳ್ಳದವರೆಗೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. 1947ರಲ್ಲೇ ಸರ್ಕಾರ ಸ್ವತಃ ಹೊರಡಿಸಿದ ಝೂಮ್ ಭೂಮಿ ನಿಯಮಾವಳಿ ಈ ರೂಢಿಯ ಹಕ್ಕನ್ನು ಒಪ್ಪಿಕೊಂಡಿತ್ತು. ಹದಿನೇಳೇ ವರ್ಷಗಳಲ್ಲಿ ಆಡಳಿತ ಅದನ್ನು ಮರೆಯಿತು.

ನೀರಿನಡಿ ಹೋದ ಊರು

ಬಂದವರು ಯಾರು, ಏಕೆ ಬಂದರು ಎಂಬುದನ್ನು ಬಿಟ್ಟು ಈ ಪ್ರಕರಣ ಓದಲಾಗದು. ಚಕ್ಮಾಗಳು ಇಂದಿನ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್ ಗುಡ್ಡಗಾಡಿನ ಬೌದ್ಧರು. ದೇಶ ವಿಭಜನೆಯ ಹೊತ್ತಿಗೆ ಆ ಪ್ರದೇಶದಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಜನ ಮುಸ್ಲಿಮೇತರರು. ತಾವು ಭಾರತಕ್ಕೇ ಸೇರುವವರೆಂದು ನಂಬಿ 1947ರ ಆಗಸ್ಟ್ 15ರಂದು ರಂಗಮಾಟಿಯಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು. ಎರಡು ದಿನಗಳ ನಂತರ ರ‍್ಯಾಡ್‌ಕ್ಲಿಫ್ ಗಡಿ ತೀರ್ಪು ಹೊರಬಿತ್ತು. ಗುಡ್ಡಗಾಡು ಪಾಕಿಸ್ತಾನದ ಪಾಲಾಯಿತು. ಸೈನ್ಯ ಬಂದು ಧ್ವಜ ಇಳಿಸಿತು. ಭಾರತದ ಧ್ವಜ ಹಾರಿಸಿದ್ದಕ್ಕೆ ಅನುಮಾನಕ್ಕೆ ಗುರಿಯಾದ ಇದೇ ಜನರ ಮಕ್ಕಳನ್ನು ಮುಂದೆ ಭಾರತದಲ್ಲಿ ವಿದೇಶಿಯರೆಂದು ಕರೆಯಲಾಯಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಕಪ್ತಾಯ್ ಅಣೆಕಟ್ಟಿನದು. ಕರ್ಣಫುಲಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಜಲವಿದ್ಯುತ್ ಯೋಜನೆ 1960ರ ದಶಕದ ಆರಂಭದಲ್ಲಿ ಮುಗಿಯಿತು. ಗುಡ್ಡಗಾಡಿನ ಉತ್ತು ಬಿತ್ತುವ ನೆಲದಲ್ಲಿ ಸುಮಾರು 54,000 ಎಕರೆ, ಎಂದರೆ ನೂರಕ್ಕೆ ನಲವತ್ತರಷ್ಟು, ನೀರಿನಡಿ ಹೋಯಿತು. ಸುಮಾರು ಒಂದು ಲಕ್ಷ ಜನ ನೆಲೆ ಕಳೆದುಕೊಂಡರು, ಅವರಲ್ಲಿ ಬಹುಪಾಲು ಚಕ್ಮಾಗಳು. ರಂಗಮಾಟಿಯ ಚಕ್ಮಾ ರಾಜನ ಅರಮನೆಯೂ ಮುಳುಗಿತು. ಈ ಗುಳೆಯನ್ನು ಅವರು ‘ಬೊರ್ ಪೊರೊಂಗ್’ ಎನ್ನುತ್ತಾರೆ, ದೊಡ್ಡ ವಲಸೆ ಎಂದು ಅರ್ಥ. 1964ರಲ್ಲೇ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಿಂದ ಎದ್ದು ಹೋದ ಕುಟುಂಬಗಳ ನಡುವೆ ಬೆಳೆದವರಿಗೆ ‘ಮುಳುಗಡೆ’ ಎಂಬ ಮಾತು ಎಷ್ಟು ತಲೆಮಾರು ಬಾಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ. ಶರಾವತಿಯವರು ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ, ಅವರ ಪೌರತ್ವವನ್ನು ಯಾರೂ ಕೇಳಿಲ್ಲ.

ಹಾಜೊಂಗರ ಕತೆ ಬೇರೆ. ಅವರು ಮೈಮೆನ್‌ಸಿಂಗ್ ಕಡೆಯ ಹಿಂದೂ ಬುಡಕಟ್ಟು. ಅಲ್ಲಿನ ಹಿಂಸೆಯಿಂದ ತಪ್ಪಿಸಿಕೊಂಡು 1964ರಲ್ಲಿ ಗಡಿ ದಾಟಿದರು. ಸಂಖ್ಯೆಯಲ್ಲಿ ಕಡಿಮೆ ಇದ್ದುದರಿಂದ ಚಕ್ಮಾಗಳ ಹೆಸರಿನ ಹಿಂದೆ ಒಂದು ಅಡ್ಡಗೆರೆಯ ಜೊತೆಗೆ ಉಳಿದುಬಿಟ್ಟರು.

ಕೇಳದೆ ಹಂಚಿದ್ದು

1964ರಿಂದ 1969ರವರೆಗೆ 2,748 ಕುಟುಂಬಗಳ 14,888 ಜನರನ್ನು ನೇಫಾಕ್ಕೆ ಕರೆತರಲಾಯಿತು ಎಂದು ಅರುಣಾಚಲ ಸರ್ಕಾರದ ಶ್ವೇತಪತ್ರ ಹೇಳುತ್ತದೆ. ಕೇಂದ್ರ ಕುಟುಂಬಕ್ಕೆ 4,200 ರೂಪಾಯಿ ನೆರವು ಮಂಜೂರು ಮಾಡಿತು, ಜೊತೆಗೆ ಒಂದಿಷ್ಟು ನೆಲ. ಹೆಚ್ಚಿನವರು ನೆಲೆಯೂರಿದ್ದು ಇಂದಿನ ಚಾಂಗ್ಲಾಂಗ್ ಜಿಲ್ಲೆಯ ದಿಯುನ್, ಬೋರ್ಡುಮ್ಸಾ, ಮಿಯಾವ್ ಸುತ್ತ. ಉಳಿದವರು ಚೌಖಾಮ್ ಬಳಿ ಮತ್ತು ಈಗ ಪಾಪುಮ್ ಪಾರೆ ಜಿಲ್ಲೆಗೆ ಸೇರಿದ ಕೋಕಿಲಾದಲ್ಲಿ.

ಸರ್ಕಾರದ ಕಣ್ಣಿನಲ್ಲಿ ಇನ್ನೊಂದು ಲೆಕ್ಕವೂ ಇತ್ತೆಂದು ನನ್ನ ಅಂದಾಜು. 1962ರ ಯುದ್ಧದಲ್ಲಿ ಚೀನಾದ ಸೈನ್ಯ ಇದೇ ನೇಫಾದೊಳಗೆ ಇಳಿದು ಬಂದು ಎರಡೇ ವರ್ಷವಾಗಿತ್ತು. ಜನವಿಲ್ಲದ ಗಡಿ ಎಂಬುದು ಆಗ ದೊಡ್ಡ ಆತಂಕ. ನೆಲೆ ಬೇಕಾದ ಜನ ಒಂದು ಕಡೆ, ಜನ ಬೇಕಾದ ಗಡಿ ಇನ್ನೊಂದು ಕಡೆ ಇದ್ದಾಗ ಎರಡನ್ನೂ ಜೋಡಿಸುವುದು ಕಡತದ ಮೇಲೆ ಬಹಳ ಸರಳವಾಗಿ ಕಾಣುತ್ತದೆ.

ಆದರೆ ಆ ಜಾಗದಲ್ಲಿ ಸಿಂಗ್ಫೋ, ಖಾಮ್ತಿ, ತಾಂಗ್ಸಾ ಜನರಿದ್ದರು, ಕೋಕಿಲಾದ ಕಡೆ ನ್ಯಿಶಿಗಳಿದ್ದರು. ಸಿಂಗ್ಫೋಗಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ನಾವು ದಿನವೂ ಕುಡಿಯುವ ಅಸ್ಸಾಂ ಚಹಾದ ಗಿಡವನ್ನು 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಬ್ರಿಟಿಷ್ ವ್ಯಾಪಾರಿಗೆ ತೋರಿಸಿದ್ದು ಇವರ ಒಬ್ಬ ಮುಖಂಡ, ಬೀಸಾ ಗಾಮ್. ಕೆಲವೇ ದಶಕಗಳಲ್ಲಿ ಅವರ ನೆಲದ ಮೇಲೆ ಚಹಾ ತೋಟಗಳೆದ್ದವು. ಅವರು ದಂಗೆ ಎದ್ದರು, ಸೋತರು, ಸಂಖ್ಯೆಯಲ್ಲಿ ಕುಗ್ಗಿದರು. ಹೊರಗಿನವರನ್ನು ಒಳಗೆ ಬಿಟ್ಟರೆ ಏನಾಗುತ್ತದೆ ಎಂಬುದು ಅವರಿಗೆ ಅಜ್ಜನ ಕಾಲದಿಂದ ಗೊತ್ತಿದ್ದ ಸಂಗತಿ. ಅವರ ವಿರೋಧವನ್ನು ಬರೀ ಪರದ್ವೇಷ ಎಂದು ತಳ್ಳಿಹಾಕುವ ಬರಹಗಳನ್ನು ಓದಿದಾಗಲೆಲ್ಲ ಈ ಚರಿತ್ರೆ ಅಲ್ಲಿ ಇಲ್ಲದಿರುವುದು ನನ್ನನ್ನು ಕಾಡುತ್ತದೆ.

ಹಾಗಾದರೆ ಅವರನ್ನು ಕೇಳಲಿಲ್ಲವೇ? ಸ್ಥಳೀಯ ಬುಡಕಟ್ಟುಗಳೊಂದಿಗೆ ಸಮಾಲೋಚಿಸಿಯೇ ನೆಲ ಕೊಡಲಾಯಿತು ಎಂದು ಮುಂದೆ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ದಾಖಲಾಗಿದೆ. ಒಬ್ಬ ಮುಖಂಡನನ್ನು ಅಧಿಕಾರಿಯೊಬ್ಬ ಕಂಡು ಮಾತಾಡುವುದೂ ಸಮಾಲೋಚನೆಯೇ. ಆದರೆ ಒಂದು ನಾಡಿನ ಜನರ ಒಪ್ಪಿಗೆ ಪಡೆಯುವ ದಾರಿ ಆಗ ಅಲ್ಲಿ ಇರಲೇ ಇಲ್ಲ. 1965ರವರೆಗೆ ನೇಫಾ ವಿದೇಶಾಂಗ ಸಚಿವಾಲಯದ ಕೈಯಲ್ಲಿತ್ತು, ರಾಷ್ಟ್ರಪತಿಯ ಪ್ರತಿನಿಧಿಯಾಗಿ ಅಸ್ಸಾಂ ರಾಜ್ಯಪಾಲರು ಆಳುತ್ತಿದ್ದರು. ಅದೇ 1964ರಲ್ಲಿ ನೇಫಾದಲ್ಲಿ ಸ್ಥಳೀಯ ಆಡಳಿತ ಹೇಗಿರಬೇಕೆಂದು ನೋಡಲು ದಯಿಂಗ್ ಎರಿಂಗ್ ಸಮಿತಿ ನೇಮಕವಾಯಿತು. ಪಂಚಾಯತಿ ನಿಯಮಾವಳಿ 1967ರಲ್ಲಿ, ಏಜೆನ್ಸಿ ಕೌನ್ಸಿಲ್ 1969ರಲ್ಲಿ ಬಂದವು. ಲೋಕಸಭೆಗೆ ಜನ ಮೊದಲು ಮತ ಹಾಕಿದ್ದು 1977ರಲ್ಲಿ, ವಿಧಾನಸಭೆಗೆ 1978ರಲ್ಲಿ. ನೆಲೆಗೊಳಿಸುವ ಕೆಲಸ ಮುಗಿದದ್ದು 1969ರಲ್ಲಿ. ಜನರಿಗೆ ಬಾಯಿ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಬಾಯಿ ಬಂದ ಕೂಡಲೇ ಅವರು ಆಡಿದ ಮೊದಲ ಮಾತುಗಳಲ್ಲಿ ಇದೂ ಒಂದಾಯಿತು.

ಒಳಗಡಿ ನಿಯಮವನ್ನೂ ಇಲ್ಲೇ ನೆನೆಯಬೇಕು. 1873ರ ಬಂಗಾಳ ಪೂರ್ವ ಗಡಿ ನಿಯಮಾವಳಿಯ ಪ್ರಕಾರ ಹೊರಗಿನವರು ಪರವಾನಗಿ ಇಲ್ಲದೆ ಈ ನಾಡಿಗೆ ಕಾಲಿಡುವಂತಿಲ್ಲ. ಇಂದಿಗೂ ಬೆಂಗಳೂರಿನಿಂದ ತವಾಂಗ್ ನೋಡಲು ಹೋಗುವವರು ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡೇ ಹೋಗಬೇಕು. ಭಾರತದ ಪ್ರಜೆಗೇ ಬಾಗಿಲಲ್ಲಿ ಚೀಟಿ ಕೇಳುವ ನೆಲಕ್ಕೆ ಸರ್ಕಾರವೇ ಸಾವಿರಾರು ಜನರನ್ನು ಕರೆದು ಕೂರಿಸಿತಲ್ಲ ಎಂಬುದು ಅರುಣಾಚಲದವರ ಪ್ರಶ್ನೆ. ಈ ಪ್ರಶ್ನೆಗೆ ಕೇಂದ್ರ ಇದುವರೆಗೂ ನೇರ ಉತ್ತರ ಕೊಟ್ಟಿಲ್ಲ.

ಬಾಗಿಲುಗಳು ಒಂದೊಂದಾಗಿ

ಮೊದಲ ಹದಿನೈದು ವರ್ಷ ದೊಡ್ಡ ಗದ್ದಲವಿರಲಿಲ್ಲ. 1972ರಲ್ಲಿ ನೇಫಾ ಅರುಣಾಚಲ ಪ್ರದೇಶವೆಂಬ ಕೇಂದ್ರಾಡಳಿತ ಪ್ರದೇಶವಾಯಿತು. ಅದೇ ವರ್ಷ ಭಾರತ ಮತ್ತು ಬಾಂಗ್ಲಾದೇಶದ ಪ್ರಧಾನಿಗಳ ಜಂಟಿ ಹೇಳಿಕೆಯ ನಂತರ, ಈ ಜನರಿಗೆ ಪೌರತ್ವ ಕಾಯಿದೆಯ 5(1)(ಎ) ಕಲಮಿನಡಿ ಪೌರತ್ವ ಕೊಡುವುದಾಗಿ ಕೇಂದ್ರ ನಿರ್ಧರಿಸಿತು. ಹೊಸ ಆಡಳಿತ ಒಪ್ಪಲಿಲ್ಲ. ನಿರ್ಧಾರ ಕಾಗದದಲ್ಲಿ ಉಳಿಯಿತು.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು. 1980ರಲ್ಲಿ ಸರ್ಕಾರಿ ಕೆಲಸ ನಿಂತಿತು. 1987ರ ಫೆಬ್ರವರಿ 20ರಂದು ಅರುಣಾಚಲ ಪೂರ್ಣ ರಾಜ್ಯವಾಯಿತು. 1991ರಲ್ಲಿ ಪಡಿತರ ಚೀಟಿ ನಿಂತಿತು. ಅದೇ ವರ್ಷ ಚಕ್ಮಾಗಳು ತಮ್ಮ ಪೌರತ್ವ ಹಕ್ಕಿನ ಸಮಿತಿ ಕಟ್ಟಿಕೊಂಡರು. 1994ರಲ್ಲಿ ಅಖಿಲ ಅರುಣಾಚಲ ಪ್ರದೇಶ ವಿದ್ಯಾರ್ಥಿ ಸಂಘ, ಎಲ್ಲರೂ ಕರೆಯುವಂತೆ ಆಪ್ಸು, ಸೆಪ್ಟೆಂಬರ್ 30ರೊಳಗೆ ರಾಜ್ಯ ಬಿಡಿ ಎಂದು ಗಡುವು ಕೊಟ್ಟಿತು. ಎಷ್ಟೋ ಕುಟುಂಬಗಳು ಹೆದರಿ ಅಸ್ಸಾಮಿನತ್ತ ಓಡಿದವು. ಅಸ್ಸಾಂ ಸರ್ಕಾರವೂ ಬರಬೇಡಿ ಎಂದಿತು.

ಈ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎರಡು ಪ್ರಕರಣಗಳು ಬಂದವು. 1993ರ ಖುದಿರಾಮ್ ಚಕ್ಮಾ ಪ್ರಕರಣದಲ್ಲಿ ಚಕ್ಮಾಗಳು ಸೋತರು. ಅಸ್ಸಾಂ ಒಪ್ಪಂದದ ನಂತರ, ಹಿಂದೆ ವಲಸೆ ಬಂದವರಿಗೆ ಪೌರತ್ವ ಕೊಡಲೆಂದು ಪೌರತ್ವ ಕಾಯಿದೆಗೆ ಸೇರಿದ 6ಎ ಕಲಮು ಅಸ್ಸಾಮಿನಲ್ಲೇ ನೆಲೆಸಿದವರಿಗೆ ಮಾತ್ರ, ಅರುಣಾಚಲಕ್ಕೆ ಹೋದವರಿಗೆ ಅನ್ವಯಿಸದು ಎಂದು ಕೋರ್ಟ್ ಹೇಳಿತು. ಅಸ್ಸಾಮಿನಿಂದ ಹೊರಗೆ ಅವರನ್ನು ಕರೆದೊಯ್ದದ್ದು ಸರ್ಕಾರವೇ ಆಗಿದ್ದರಿಂದ, ಕಾನೂನಿನ ಅಕ್ಷರಕ್ಕೆ ಸರಿಯಾದ ಈ ಮಾತು ಅವರ ಪಾಲಿಗೆ ಬಹಳ ಕಠಿಣವಾಯಿತು.

ಎರಡನೆಯದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನೇ ಅರ್ಜಿದಾರನಾಗಿ ಹೋದ ಪ್ರಕರಣ. 1996ರ ಜನವರಿ 9ರಂದು ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಅವರ ಪೀಠ ತೀರ್ಪು ಕೊಟ್ಟಿತು. ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಪ್ರಜೆಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ಮನುಷ್ಯನಿಗೂ ಸೇರಿದ್ದು. ಗುಂಪೊಂದು ಬೆದರಿಸಿ ಓಡಿಸುವುದನ್ನು ರಾಜ್ಯ ತಡೆಯಲೇಬೇಕು. ಪೌರತ್ವದ ಅರ್ಜಿಗಳನ್ನು ಜಿಲ್ಲಾಧಿಕಾರಿ ತನ್ನಲ್ಲೇ ಇಟ್ಟುಕೊಳ್ಳದೆ ಮುಂದಕ್ಕೆ ಕಳಿಸಬೇಕು. ಈ ಕೊನೆಯ ಅಂಶವೇ ಪ್ರಕರಣದ ಕೀಲು ಎಂದು ನಾನು ತಿಳಿದಿದ್ದೇನೆ. ಪೌರತ್ವ ಕೊಡುವ ಅಧಿಕಾರ ಕೇಂದ್ರದ್ದು, ಆದರೆ ಅರ್ಜಿ ಹೋಗುವ ದಾರಿ ಜಿಲ್ಲಾಧಿಕಾರಿಯ ಮೇಜಿನ ಮೂಲಕ. ಅಲ್ಲಿಂದ ಕಾಗದ ಹೊರಡದಿದ್ದರೆ ದಿಲ್ಲಿಯಲ್ಲಿ ನಿರ್ಧರಿಸಲು ಏನೂ ಇರುವುದಿಲ್ಲ. ಯಾರೂ ‘ಇಲ್ಲ’ ಎನ್ನಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಮತ್ತು ಹಾಗೇ ಆಯಿತು. ಕೊನೆಗೆ 4,600ಕ್ಕೂ ಹೆಚ್ಚು ಅರ್ಜಿಗಳು ಕೇಂದ್ರ ತಲುಪಿದವು. ತೀರ್ಮಾನ ಮಾತ್ರ ಬರಲಿಲ್ಲ. 2015ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ಮತ್ತೆ, ಮೂರು ತಿಂಗಳೊಳಗೆ ಮುಗಿಸಿ ಎಂದಿತು. ಆ ಮೂರು ತಿಂಗಳು ಎಂದೋ ಮುಗಿದಿವೆ.

ಇಲ್ಲೊಂದು ಸಂಗತಿಯನ್ನು ಎರಡೂ ಕಡೆಯವರು ತಪ್ಪಿಸುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. ಅದು ಪೌರತ್ವ ಕಾಯಿದೆಯ 3ನೇ ಕಲಮು. ಅವರ ಮಕ್ಕಳೂ ಬಹುಪಾಲು ಅದೇ ಕಲಮಿನ ಆಸರೆಯಲ್ಲಿ ಬರುತ್ತಾರೆ. ಗಡಿ ದಾಟಿ ಬಂದ ಹಿರಿಯರಲ್ಲಿ ಎಷ್ಟೋ ಜನ ತೀರಿಕೊಂಡಿದ್ದಾರೆ. ಎಂದರೆ ಇವತ್ತು ದಿಯುನ್ ಸಂತೆಯಲ್ಲಿ ಕಾಣುವ ಬಹುತೇಕ ಚಕ್ಮಾಗಳಿಗೆ ಯಾರೂ ಪೌರತ್ವ ‘ಕೊಡಬೇಕಾಗಿಲ್ಲ’. ಇರುವುದನ್ನು ಒಪ್ಪಿಕೊಳ್ಳಬೇಕು, ಅಷ್ಟೇ. ಈ ವಾದದ ಬಲದಿಂದಲೇ ದಿಲ್ಲಿ ಹೈಕೋರ್ಟಿನ 2000ದ ಆದೇಶದ ನಂತರ, 2004ರ ಹೊತ್ತಿಗೆ 1,497 ಚಕ್ಮಾಗಳ ಹೆಸರು ಮತದಾರರ ಪಟ್ಟಿಗೆ ಸೇರಿತು. ನಲವತ್ತು ವರ್ಷಕ್ಕೆ ಸಾವಿರದೈನೂರು ಹೆಸರು.

ಅಂಜಿಕೆಯ ಲೆಕ್ಕ

ಅರುಣಾಚಲದ ಮೂಲನಿವಾಸಿಗಳ ಅಂಜಿಕೆ ನಿಜವಾದದ್ದು. ಅವರು ತ್ರಿಪುರಾವನ್ನು ನೋಡಿದ್ದಾರೆ. ವಿಭಜನೆಯ ನಂತರದ ವಲಸೆಯಿಂದ ಅಲ್ಲಿನ ಬುಡಕಟ್ಟು ಜನ ತಮ್ಮ ನಾಡಿನಲ್ಲೇ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರು. ಒಟ್ಟು ಜನಸಂಖ್ಯೆಯೇ ಹದಿನಾಲ್ಕು ಲಕ್ಷದೊಳಗಿರುವ, ಅದೂ ಹತ್ತಾರು ಭಾಷೆ-ಕುಲಗಳಾಗಿ ಹಂಚಿಹೋದ ರಾಜ್ಯದಲ್ಲಿ ನಲವತ್ತು-ಐವತ್ತು ಸಾವಿರ ಚಕ್ಮಾ–ಹಾಜೊಂಗರು ಎಂದರೆ ಸಣ್ಣ ಮಾತಲ್ಲ. ಸಿಂಗ್ಫೋಗಳಿಗಂತೂ ಅದು ತಮ್ಮ ಇಡೀ ಸಮುದಾಯಕ್ಕಿಂತ ಹಲವು ಪಟ್ಟು. ವಿಧಾನಸಭೆಯ 60 ಸ್ಥಾನಗಳಲ್ಲಿ 59 ಪರಿಶಿಷ್ಟ ಪಂಗಡಕ್ಕೆ ಮೀಸಲು, ಉಳಿದ ಒಂದೇ ಸಾಮಾನ್ಯ ಕ್ಷೇತ್ರ ಬೋರ್ಡುಮ್ಸಾ-ದಿಯುನ್. ಚಕ್ಮಾಗಳು ಹೆಚ್ಚಾಗಿರುವುದೂ ಅಲ್ಲೇ. ಇಷ್ಟು ಗೊತ್ತಾದರೆ ಮತದಾರರ ಪಟ್ಟಿಯ ಬಗ್ಗೆ ಅಷ್ಟೊಂದು ಬಿಸಿ ಏಕೆ ಎಂದು ಅರ್ಥವಾಗುತ್ತದೆ. 2019ರ ಫೆಬ್ರವರಿಯಲ್ಲಿ ಚಕ್ಮಾಗಳಲ್ಲದ, ನಮ್ಸಾಯ್ ಮತ್ತು ಚಾಂಗ್ಲಾಂಗಿನಲ್ಲಿ ಬಹುಕಾಲದಿಂದ ಇರುವ ಆರು ಸಮುದಾಯಗಳಿಗೆ ಕಾಯಂ ನಿವಾಸಿ ಪತ್ರ ಕೊಡುವ ಮಾತು ಬಂದಾಗಲೂ ಇಟಾನಗರದಲ್ಲಿ ಉಪಮುಖ್ಯಮಂತ್ರಿಯ ಮನೆಗೇ ಬೆಂಕಿ ಬಿತ್ತು. ಪ್ರಸ್ತಾಪ ಕೈಬಿಡಬೇಕಾಯಿತು.

ಆದರೆ ಅಂಜಿಕೆ ನಿಜವಾದ ಮಾತ್ರಕ್ಕೆ ಅದು ಹಿಡಿದುಕೊಂಡ ಸಂಖ್ಯೆ ನಿಜವಾಗಬೇಕಿಲ್ಲ. 1996ರ ತೀರ್ಪಿನಲ್ಲಿ ಅರುಣಾಚಲದ ಚಕ್ಮಾಗಳ ಅಂದಾಜು ಸಂಖ್ಯೆ 65,000 ಎಂದಿದೆ. ಹದಿನೈದು ವರ್ಷಗಳ ನಂತರ, 2011ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 47,000. ಕರೆತಂದವರ ಸಂಖ್ಯೆಯಲ್ಲೂ ಹೀಗೆಯೇ, ಶ್ವೇತಪತ್ರದಲ್ಲಿ 14,888 ಆದರೆ ತೀರ್ಪಿನಲ್ಲಿ ಸುಮಾರು 4,012. ಮನೆಮನೆಗೆ ಹೋಗಿ, ಇಬ್ಬರ ಪ್ರತಿನಿಧಿಗಳೂ ಜೊತೆಗಿದ್ದು, ಒಪ್ಪುವಂಥ ಎಣಿಕೆಯೊಂದು ನಡೆದಿದ್ದರೆ ಅರ್ಧ ಜಗಳ ತಣ್ಣಗಾಗುತ್ತಿತ್ತೇನೋ. 2021ರ ಕೊನೆಯಲ್ಲಿ ವಿಶೇಷ ಗಣತಿಯ ಸುದ್ದಿ ಬಂದಾಗ ಚಕ್ಮಾಗಳು ಹೆದರಿದರು. ಅದೇ ವರ್ಷ ಆಗಸ್ಟ್ 15ರ ಭಾಷಣದಲ್ಲಿ ಮುಖ್ಯಮಂತ್ರಿ ಪೆಮಾ ಖಾಂಡು ಚಕ್ಮಾಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತಾಡಿದ್ದರು. ಓಡಿಸುವ ಮಾತಿನ ಬೆನ್ನಿಗೆ ಬರುವ ಎಣಿಕೆಯನ್ನು ಯಾರು ತಾನೇ ನಂಬುತ್ತಾರೆ?

ನಡುವೆ, 2017ರ ಸೆಪ್ಟೆಂಬರಿನಲ್ಲಿ, ಕೇಂದ್ರ ಗೃಹ ಸಚಿವಾಲಯ ಒಂದು ಸೂತ್ರ ಹುಡುಕಿತು: ಪೌರತ್ವ ಕೊಡೋಣ, ಆದರೆ ಭೂಮಿಯ ಒಡೆತನ ಬೇಡ, ಬುಡಕಟ್ಟಿನ ಹಕ್ಕುಗಳು ಬೇಡ. ಆಪ್ಸು ಅದಕ್ಕೂ ಒಪ್ಪದೆ ಸೆಪ್ಟೆಂಬರ್ 19ರಂದು ಬಂದ್ ಮಾಡಿತು. ನನಗೆ ಆ ಸೂತ್ರದಲ್ಲಿ ಒಂದಿಷ್ಟು ಅರ್ಥ ಕಾಣುತ್ತದೆ. ಅರುಣಾಚಲದ ಬುಡಕಟ್ಟುಗಳ ಭೂಮಿಯ ಹಕ್ಕು ಮುಟ್ಟಬಾರದ್ದು. ಆದರೆ ಉಳುವ ನೆಲಕ್ಕೆ ಗೇಣಿಯೋ ಗುತ್ತಿಗೆಯೋ ಯಾವ ಭದ್ರತೆಯೂ ಇಲ್ಲದ ರೈತನಿಗೆ ಬರೀ ಪೌರತ್ವದಿಂದ ಹೊಟ್ಟೆ ತುಂಬದು. ದೀರ್ಘಾವಧಿ ಗುತ್ತಿಗೆ, ಮುಂದೆ ಹೊಸ ನೆಲ ಹಿಡಿಯುವಂತಿಲ್ಲವೆಂಬ ಎಲ್ಲೆ, ಮತ್ತು ನೆಲ ಬಿಟ್ಟುಕೊಟ್ಟ ಸಿಂಗ್ಫೋ, ಖಾಮ್ತಿ, ತಾಂಗ್ಸಾ ಕುಲಗಳಿಗೆ ಈಗಲಾದರೂ ಪರಿಹಾರ, ಈ ಮೂರೂ ಒಟ್ಟಿಗೆ ಮೇಜಿನ ಮೇಲೆ ಬರಬೇಕಿತ್ತು. ಕೊನೆಯದನ್ನು ಯಾರೂ ಎತ್ತುವುದೇ ಇಲ್ಲ. ಕೇಂದ್ರ ಕುಟುಂಬಕ್ಕೆ 4,200 ರೂಪಾಯಿ ಲೆಕ್ಕ ಹಾಕಿತು. ನೆಲ ಕಳೆದುಕೊಂಡವರ ಲೆಕ್ಕದ ಪುಸ್ತಕ ತೆರೆಯಲೇ ಇಲ್ಲ.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. ಇದೇ ಚಕ್ಮಾಗಳು ಮಿಜೋರಾಮಿನಲ್ಲಿ ಪರಿಶಿಷ್ಟ ಪಂಗಡ, ಅವರಿಗೆ 1972ರಿಂದ ಸಂವಿಧಾನದ ಆರನೇ ಷೆಡ್ಯೂಲಿನಡಿ ಸ್ವಾಯತ್ತ ಜಿಲ್ಲಾ ಮಂಡಳಿ ಇದೆ. ತ್ರಿಪುರಾದಲ್ಲೂ ಅಸ್ಸಾಮಿನಲ್ಲೂ ಅವರು ಪರಿಶಿಷ್ಟ ಪಂಗಡವೇ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು ನಮ್ಮ ರಾಯಚೂರಿನ ಸಿಂಧನೂರು ತಾಲ್ಲೂಕಿಗೂ ತಂದು ಕೂರಿಸಲಾಯಿತು. ಅಲ್ಲಿನ ಆರ್‌ಎಚ್ ಎಂಬ ಪುನರ್ವಸತಿ ಕ್ಯಾಂಪುಗಳಿಗೂ ಅವುಗಳದೇ ಕಷ್ಟಗಳಿವೆ. ಆದರೆ ಸಿಂಧನೂರಿನವರು ನಾಳೆ ಇವರಿಂದ ತಾವು ಅಲ್ಪಸಂಖ್ಯಾತರಾಗುತ್ತೇವೆಂದು ಹೆದರಬೇಕಾಗಿರಲಿಲ್ಲ. ಆರು ಕೋಟಿಯ ರಾಜ್ಯಕ್ಕೂ ಹದಿನಾಲ್ಕು ಲಕ್ಷದೊಳಗಿನ ರಾಜ್ಯಕ್ಕೂ ಇರುವ ವ್ಯತ್ಯಾಸ ಅದು. ನಿರಾಶ್ರಿತರ ಭಾರವನ್ನು ಹೊರಲು ದೇಶದಲ್ಲೇ ಅತಿ ವಿರಳವಾಗಿ ಜನರಿರುವ ನಾಡನ್ನು ಆರಿಸಿದ್ದು, ಅವರನ್ನು ಕೇಳದೇ ಆರಿಸಿದ್ದು, ಆರಿಸಿದ ಮೇಲೆ ಜವಾಬ್ದಾರಿಯನ್ನು ಜಿಲ್ಲಾಧಿಕಾರಿಯ ಮೇಜಿಗೆ ಬಿಟ್ಟುಹೋದದ್ದು ಕೇಂದ್ರ. ಬೀದಿಯಲ್ಲಿ ಎದುರುಬದುರಾಗಿ ನಿಂತವರು ಮಾತ್ರ ಚಕ್ಮಾ ಮತ್ತು ಸಿಂಗ್ಫೋ ಹುಡುಗರು.

ಈಗ

ಬೆಂಗಳೂರಿನ ಗಾಂಧಿನಗರದಲ್ಲಿ 1956ರಿಂದ ನಡೆಯುತ್ತಿರುವ ಮಹಾಬೋಧಿ ಸೊಸೈಟಿಯ ಆವರಣದಲ್ಲಿ ಅರುಣಾಚಲದ ಚಕ್ಮಾ ಹಳ್ಳಿಗಳಿಂದ ಬಂದ ಮಕ್ಕಳು ಓದಿದ್ದಾರೆ. ಅಲ್ಲಿ ಕಲಿತ ಭಿಕ್ಖುಗಳು ಊರಿಗೆ ಮರಳಿ ದಿಯುನ್‌ನಲ್ಲಿ ಶಾಲೆ, ವಸತಿನಿಲಯ ಕಟ್ಟಿದರು. ಸರ್ಕಾರದ ಕೈ ಹಿಂದೆ ಸರಿದ ಜಾಗದಲ್ಲಿ ಎರಡೂವರೆ ಸಾವಿರ ಕಿಲೋಮೀಟರ್ ದೂರದ ಕನ್ನಡ ನಾಡಿನ ಒಂದು ವಿಹಾರದ ಕೈ ಹೋಗಿ ಮುಟ್ಟಿತು. ಚಕ್ಮಾ ಯುವಕರು ಈಗ ಕೆಲಸಕ್ಕೂ ಬೆಂಗಳೂರಿಗೆ ಬರುತ್ತಾರೆ.

ಹೊರಗೆ ಓದಲು, ಕೆಲಸಕ್ಕೆ ಸೇರಲು, ಅರೆಸೇನಾ ಪಡೆಗಳಿಗೆ ಅರ್ಜಿ ಹಾಕಲು ಅವರ ಕೈಯಲ್ಲಿ ಇದ್ದದ್ದು ವಾಸಸ್ಥಳದ ಪ್ರಮಾಣಪತ್ರ ಒಂದೇ. ವಿದ್ಯಾರ್ಥಿ ಸಂಘದ ಒತ್ತಡದ ನಂತರ 2022ರಲ್ಲಿ ಅದನ್ನೂ ಅಮಾನತಿನಲ್ಲಿಡಲಾಯಿತು.

ಊರಿನಲ್ಲಿ ಉಳಿದವರ ಪಾಡು ನೊವಾ ದಿಹಿಂಗ್ ನದಿಯ ಕೈಯಲ್ಲಿದೆ. ಮಳೆಗಾಲದಲ್ಲಿ ಅದು ದಂಡೆ ಕೊರೆಯುತ್ತದೆ, ಗದ್ದೆ ಕುಸಿಯುತ್ತದೆ, ಕೆಲವೊಮ್ಮೆ ಮನೆಯೂ. ಪಹಣಿ ಇಲ್ಲದ ನೆಲ ಹೊಳೆಪಾಲಾದರೆ ಅದಕ್ಕೆ ಬದಲಿ ನೆಲ ಕೇಳಲಾಗದು, ಏಕೆಂದರೆ ಅಷ್ಟು ನೆಲ ತನ್ನದಾಗಿತ್ತೆಂದು ತೋರಿಸಲು ಕಾಗದವಿಲ್ಲ. ಬೇರೆ ಕಡೆ ಗುಡಿಸಲು ಹಾಕಿದರೆ ಒತ್ತುವರಿ ಎಂದಾಗುತ್ತದೆ, ಆ ಜಾಗವೂ ಯಾವುದೋ ಕುಲದ ಬೀಳು ಕಾಡೇ ಆಗಿರುತ್ತದೆ. ಕರ್ಣಫುಲಿಯ ನೀರು ಎಬ್ಬಿಸಿದ ಮನೆತನದ ಮೊಮ್ಮಗ ಇನ್ನೊಂದು ನೀರಿನ ಅಂಚಿನಲ್ಲಿ ನಿಂತು, ಈ ವರ್ಷ ಎಷ್ಟು ಸಾಲು ಹೋಯಿತೆಂದು ಎಣಿಸುತ್ತಾನೆ.